ಬೆಚ್ಚಗಿನ ಜಾಗ

ನಾನು ಸಿಗರೇಟು ಸೇದುವವಳು. ಇದು ನಾನು ಹೇಳಿದ್ದಲ್ಲ, ಯಂತ್ರ ಹೇಳಿದ್ದು. ಫೌಂಡ್ರಿಯ ಗೇಟು ದಾಟಿದ ಕೂಡಲೇ ಸಿಗುವ ಬೋರ್ಡಿನಲ್ಲಿ ನನ್ನ ಫೋಟೋ ಇದೆ. ಕೆಳಗೆ ‘ಚಟಕ್ಕೆ ಬಲಿಯಾದವರು’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನನ್ನ ಮದುವೆಯಲ್ಲೂ ಯಾರೂ ಅಷ್ಟು ದೊಡ್ಡ ಫೋಟೋ ತೆಗೆಸಿರಲಿಲ್ಲ. ಈ ಮಟ್ಟಿಗೆ ಕಂಪನಿಯನ್ನು ಮೆಚ್ಚಬೇಕು.

ಸಿಗರೇಟನ್ನು ನಾನು ಒಮ್ಮೆಯೂ ತುಟಿಗೆ ಮುಟ್ಟಿಸಿದವಳಲ್ಲ. ಯಾವ ಬದಿಗೆ ಬೆಂಕಿ ಹಚ್ಚಬೇಕು ಎಂದು ಕೇಳಿದರೂ ಒಂದು ಗಳಿಗೆ ಯೋಚಿಸಬೇಕು.

ನನ್ನ ಕೆಲಸ ಅಚ್ಚು ಒಡೆಯುವುದು. ಕಬ್ಬಿಣದ ಪೆಟ್ಟಿಗೆಯೊಳಗೆ ಮರಳು ತುಂಬಿ ಅಚ್ಚು ಮಾಡುತ್ತಾರೆ. ಬರೀ ಮರಳು ನಿಲ್ಲುವುದಿಲ್ಲ, ಅದಕ್ಕೊಂದು ಅಂಟು ಬೆರೆಸುತ್ತಾರೆ. ಆಮೇಲೆ ಕರಗಿದ ಲೋಹ ಸುರಿಯುತ್ತಾರೆ. ಒಳಗೆ ಅಂಟು ಸುಡುತ್ತದೆ. ಪೆಟ್ಟಿಗೆಯ ಸಂದಿಗಳಲ್ಲಿ ನೀಲಿ ಉರಿ ಎದ್ದು, ಸ್ವಲ್ಪ ಹೊತ್ತು ಕುಣಿದು, ಆರುತ್ತದೆ. ಉರಿ ಆರಿದ ಪೆಟ್ಟಿಗೆಗಳನ್ನು ತಣಿಯಲಿ ಎಂದು ಶೆಡ್ಡಿನ ಉದ್ದಕ್ಕೂ ಸಾಲಾಗಿ ಇಡುತ್ತಾರೆ. ಅದನ್ನು ನಾವು ಸಾಲು ಎಂದೇ ಕರೆಯುತ್ತೇವೆ. ಪೂರ್ತಿ ತಣಿಯುವವರೆಗೆ ಕಾಯಲು ಕಂಪನಿಗೆ ಪುರುಸೊತ್ತಿಲ್ಲ. ಅರ್ಧ ತಣಿದಾಗಲೇ ಹೆಂಗಸರು ಹಾರೆ ಹಾಕಿ ಅಚ್ಚು ಒಡೆಯಬೇಕು. ಕಪ್ಪು ಮರಳು ಕುಸಿಯುತ್ತದೆ, ಹೊಗೆ ಏಳುತ್ತದೆ. ಕಣ್ಣು ಉರಿಯುತ್ತದೆ. ಗಂಟಲಲ್ಲಿ ಯಾರೋ ಉಪ್ಪುಕಾಗದ ಆಡಿಸಿದ ಹಾಗಾಗುತ್ತದೆ. ಸುಡುವ ಎರಕವನ್ನು ಕೊಕ್ಕೆಯಲ್ಲಿ ಎಳೆದು ಆಚೆ ಹಾಕಬೇಕು, ಮರಳನ್ನು ಸಲಿಕೆಯಲ್ಲಿ ಬಾಚಿ ಈಚೆ ಹಾಕಬೇಕು. ಸೊಂಟ ನಮ್ಮದು, ಎರಕ ಕಂಪನಿಯದು.

ಸಂಜೆಯ ಹೊತ್ತಿಗೆ ಎಲ್ಲರಿಗೂ ತಲೆನೋವು. ಮನೆಗೆ ಹೋಗಿ ಮಲಗಿದರೆ ಹೋಗುತ್ತದೆ. ಮರುದಿನ ಮತ್ತೆ ಬರುತ್ತದೆ. ಹಾಜರಿಯ ವಿಷಯದಲ್ಲಿ ಅದು ನಮಗಿಂತ ಶಿಸ್ತು.

ಶೆಡ್ಡಿನ ಚಾವಣಿಯಲ್ಲಿ ಹೊಗೆ ಎಳೆದು ಹೊರಗೆ ಹಾಕುವ ಒಂದು ದೊಡ್ಡ ಫ್ಯಾನಿದೆ. ಅದು ತಿರುಗಿದರೆ ಹೊರಗೆ ನಿಲ್ಲಿಸಿದ ದೊಡ್ಡ ಸಾಹೇಬರ ಬಿಳಿ ಕಾರಿನ ಮೇಲೆ ಮಸಿ ಬೀಳುತ್ತದೆ. ಹಾಗಾಗಿ ನಿಲ್ಲಿಸಿದ್ದಾರೆ. ಕಾರಿಗೆ ಬಣ್ಣವಿದೆ, ನಮ್ಮ ಎದೆಗೂಡಿಗೆ ಬಣ್ಣವಿಲ್ಲ. ಕಂಪನಿಯ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ.

ಚಳಿಗಾಲದಲ್ಲಿ ಆ ಶೆಡ್ಡಿನ ತಗಡು ಮಂಜುಗಡ್ಡೆಯಂತಾಗುತ್ತದೆ. ಆಗ ನಮಗೆ ಸಾಲೇ ಗತಿ. ಬೆಳಗ್ಗೆ ತಂದ ಡಬ್ಬಿಗಳನ್ನು ಬಿಸಿ ಪೆಟ್ಟಿಗೆಗಳ ಮೇಲೆ ಜೋಡಿಸಿ ಇಡುತ್ತೇವೆ. ಮಧ್ಯಾಹ್ನಕ್ಕೆ ಅನ್ನ ಈಗ ತಾನೇ ಇಳಿಸಿದ ಹಾಗೆ ಹಬೆಯಾಡುತ್ತದೆ. ಪೆಟ್ಟಿಗೆಗಳಿಗೆ ಬೆನ್ನು ಕೊಟ್ಟು ಕೂತು ತಿನ್ನುತ್ತೇವೆ. ಸಾಲಿನ ತುದಿಯಲ್ಲಿ, ಗೋಡೆ ಮತ್ತು ಪೆಟ್ಟಿಗೆಗಳ ಮಧ್ಯೆ, ಒಬ್ಬರು ಹಿಡಿಯುವಷ್ಟು ಒಂದು ಮೂಲೆ ಇದೆ. ಮೂರು ಕಡೆಯಿಂದಲೂ ಶಾಖ. ಬೆಚ್ಚಗಿನ ಜಾಗ ಎಂದರೆ ಅದು. ಅದನ್ನು ನಮ್ಮಲ್ಲಿ ಹಿರಿಯರಿಗೆ, ಮೈಯಲ್ಲಿ ಹುಷಾರಿಲ್ಲದವರಿಗೆ ಬಿಟ್ಟುಕೊಡುತ್ತಿದ್ದೆವು. ಕಂಪನಿ ನಮಗೆ ಯಾವ ಮರ್ಯಾದೆಯನ್ನೂ ಕೊಡಲಿಲ್ಲ. ನಾವು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮರ್ಯಾದೆ ಅದೊಂದೇ.

ಹೋದ ಚಳಿಗಾಲದಲ್ಲಿ ಆ ಜಾಗ ಗುಂಡಕ್ಕನದಾಗಿತ್ತು. ಗುಂಡಕ್ಕ ನಮಗೆಲ್ಲ ಹಿರಿಯಳು. ಆಳು ಕಡ್ಡಿಯ ಹಾಗಿದ್ದಳು, ಅದಕ್ಕೇ ಆ ಹೆಸರು. ಒಂದು ಮಧ್ಯಾಹ್ನ ಊಟ ಮುಗಿಸಿ, “ಒಂದ್ ಚೂರು ಕಣ್ಣು ಮುಚ್ತೀನಿ ಕಣೆ, ಮೇಸ್ತ್ರಿ ಬಂದ್ರೆ ಎಬ್ಸು” ಎಂದು ನನಗೆ ಹೇಳಿ ಒರಗಿದಳು. ಮೇಸ್ತ್ರಿ ಬಂದ. ನಾನು ಎಬ್ಬಿಸಿದೆ. ಅವಳು ಏಳಲಿಲ್ಲ. ಕೆನ್ನೆ ಕೆಂಪಗೆ, ಹೊಸ ಮದುವಣಗಿತ್ತಿಯ ಹಾಗಿತ್ತು.

ಆಸ್ಪತ್ರೆಯವರು ರಕ್ತ ನೋಡಿ ಅದರಲ್ಲಿ ಹೊಗೆಯ ವಿಷವಿದೆ ಅಂದರು. ಕಂಪನಿಯ ಡಾಕ್ಟರು ಅದನ್ನು ಓದಿ ತಲೆಯಾಡಿಸಿದರು. “ಹೊಗೆ ಅಂದ್ಮೇಲೆ ಸಿಗರೇಟೇ ಅಲ್ವಾ? ವಿಪರೀತ ಸೇದ್ತಿದ್ಳು ಅಂತ ಕಾಣುತ್ತೆ.” ಮುಗಿಯಿತು. ಗುಂಡಕ್ಕ ತನ್ನ ಚಟದಿಂದ ಸತ್ತಳು. ಕಂಪನಿ ಅವಳ ಮನೆಗೆ ಒಂದು ಹೂವಿನ ಹಾರ ಕಳಿಸಿತು, ಜೊತೆಗೆ ಧೂಮಪಾನದ ಕೆಡುಕುಗಳ ಬಗ್ಗೆ ಬಣ್ಣದ ಚಿತ್ರಗಳಿದ್ದ ಒಂದು ಪುಸ್ತಕ.

ನನಗೆ ಅವತ್ತು ಸಿಟ್ಟು ಬರಲಿಲ್ಲ. ಬರಬೇಕಿತ್ತು. ಬರೀ ಅಳು ಬಂತು.

ಕಂಪನಿಗೆ ಮಾತ್ರ ನಮ್ಮ ಮೇಲೆ ಕರುಣೆ ಉಕ್ಕಿತು. ‘ಹೊಗೆಮುಕ್ತ ಕಾರ್ಖಾನೆ’ ಎಂದು ಒಂದು ಆಂದೋಲನ ಶುರುವಾಯಿತು. ‘ಇಲ್ಲಿ ಹೊಗೆ ನಿಷೇಧಿಸಲಾಗಿದೆ’ ಎಂಬ ಬೋರ್ಡನ್ನು ಸಾಲಿನ ಮೇಲೆ ನೇತುಹಾಕಿದರು. ಹೊಗೆಗೆ ಓದಲು ಬರುತ್ತಿರಲಿಲ್ಲ. ಮೂರನೆಯ ದಿನಕ್ಕೆ ಬೋರ್ಡೇ ಕಾಣದ ಹಾಗೆ ಕಪ್ಪಾಯಿತು. ಅದನ್ನು ಒರೆಸಲು ಒಬ್ಬಳನ್ನು ನೇಮಿಸಿದರು.

ಆಮೇಲೆ ಆ ಯಂತ್ರ ಬಂತು. ಅಂಗೈಯಗಲದ ಬಿಳಿ ಡಬ್ಬಿ, ಬಾಯಿಗೆ ಒಂದು ಕೊಳವೆ. ಉಸಿರು ಬಿಗಿಹಿಡಿದು ಊದಬೇಕು. ಉಸಿರಲ್ಲಿ ಅದೇ ಹೊಗೆಯ ವಿಷವನ್ನು ಅದು ಹುಡುಕುತ್ತದಂತೆ. ಸೇದದವರಿಗೆ ಹಸಿರು ದೀಪ, ಸೇದುವವರಿಗೆ ಕೆಂಪು. ಡಾಕ್ಟರು ಅದನ್ನು ಎತ್ತಿ ತೋರಿಸುತ್ತಾ, “ಬಾಯಿ ಸುಳ್ಳು ಹೇಳಬಹುದು, ಉಸಿರು ಹೇಳಲ್ಲ” ಅಂದರು. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಹಾಗಾಗಿ ನಾವೂ ತಟ್ಟಿದೆವು.

ಪಾಳಿ ಮುಗಿದ ಮೇಲೆ ಊದಿಸಿದರು. ಸಾಲಿನ ಹೆಂಗಸರಿಗೆಲ್ಲ ಕೆಂಪು. ಒಬ್ಬಳೂ ತಪ್ಪಿಸಿಕೊಳ್ಳಲಿಲ್ಲ. ಲೋಹ ಸುರಿಯುವ ಗಂಡಸರಿಗೂ ಕೆಂಪು. ಆಫೀಸಿನವರಿಗೆ ಹಸಿರು. ನಮ್ಮ ಮೇಸ್ತ್ರಿ ಗೇಟಿನಾಚೆ ನಿಂತು ಸೇದುವುದನ್ನು ನೋಡದ ಕಣ್ಣಿಲ್ಲ. ಆದರೆ ಅವನಿಗೆ ಸುಳಿವು ಮೊದಲೇ ಸಿಕ್ಕಿತ್ತು. ಹಿಂದಿನ ದಿನವೆಲ್ಲ ಬಾಯಿ ಕಟ್ಟಿ, ಅವತ್ತು ಅಂಗಳದಲ್ಲೇ ಕೆಲಸ ಇಟ್ಟುಕೊಂಡು, ಬಂದು ಊದಿದ. ಹಸಿರು! ಅವನಿಗೆ ‘ಆದರ್ಶ ಶ್ವಾಸಕೋಶ’ ಎಂದು ಪದಕ ಕೊಟ್ಟರು. ಅಂಗಿಯ ಮೇಲೆ ಸಿಕ್ಕಿಸಿಕೊಂಡು ಓಡಾಡಿದ. ಅದರ ಹಿಂದಿನ ಜೇಬಿನಲ್ಲೇ ಸಿಗರೇಟು ಪ್ಯಾಕು ಉಬ್ಬಿಕೊಂಡಿತ್ತು.

“ನಾನು ಸೇದೇ ಇಲ್ಲ ಮೇಸ್ತ್ರಿ” ಅಂದೆ.

“ಎಲ್ಲರೂ ಹಂಗೇ ಅಂತಾರೆ” ಅಂದ.

ನಿಯಮ ಸರಳವಾಗಿತ್ತು. ಮೊದಲ ಕೆಂಪಿಗೆ ಬುದ್ಧಿಮಾತು. ಎರಡನೆಯದಕ್ಕೆ ಬೋರ್ಡಿನಲ್ಲಿ ಫೋಟೋ. ಮೂರನೆಯದಕ್ಕೆ ಗೇಟು. ನನ್ನ ಫೋಟೋ ಬಿದ್ದಾಗಿತ್ತು. ಇನ್ನೊಂದು ಸಲ ಊದಿ ಕೆಂಪು ಬಂದರೆ ಕೆಲಸ ಹೋದ ಹಾಗೆ. ಎಲ್ಲರನ್ನೂ ಒಟ್ಟಿಗೆ ಕಳಿಸಿದರೆ ಅಚ್ಚು ಒಡೆಯುವವರು ಯಾರು? ಅದಕ್ಕೆ ಒಬ್ಬೊಬ್ಬರನ್ನಾಗಿ ಆರಿಸುತ್ತಿದ್ದರು. ಗುಂಡಕ್ಕ ಸತ್ತಾಗ “ಅವಳು ಸೇದ್ತಿರ್ಲಿಲ್ಲ” ಎಂದು ಆಸ್ಪತ್ರೆಯಲ್ಲಿ ಬಾಯಿ ಬಿಟ್ಟವಳು ನಾನೊಬ್ಬಳೇ. ಮೊದಲ ಸರದಿ ನನ್ನದೇ ಆದದ್ದು ಕಾಕತಾಳೀಯ ಎಂದು ನೀವು ನಂಬುವುದಾದರೆ ನಂಬಿ.

ಮನೆಯಲ್ಲಿ ಇನ್ನೊಂದು ನ್ಯಾಯಾಲಯ. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಇರುವವರು ನಾನು ಮತ್ತು ನನ್ನ ಅತ್ತೆ. ಫೋಟೋದ ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, “ಬಾಯಿ ಬಿಡು” ಅಂದರು. ಮೂಸಿದರು. ದಿಂಬು ಕೊಡವಿದರು. ಕಾಳಿನ ಡಬ್ಬಿಯೊಳಗೆ ಕೈ ಹಾಕಿ ತಡಕಿದರು.

“ಏನೂ ಸಿಗಲ್ಲ ಅತ್ತೆ. ನಾನು ಸೇದಲ್ಲ.”

“ಯಂತ್ರ ಸುಳ್ಳು ಹೇಳುತ್ತಾ? ಅದಕ್ಕೇನು ನಿನ್ನ ಮೇಲೆ ಹಳೇ ದ್ವೇಷವಾ?”

“ನಿಮಗೆ ನನ್ನ ಮಾತಿಗಿಂತ ಆ ಡಬ್ಬಿ ಹೆಚ್ಚಾ?”

“ದಿನಾ ಸಂಜೆ ತಲೆನೋವು ಅಂತ ಬಿದ್ಕೊಳ್ತೀಯಲ್ಲ, ಅದಕ್ಕೇನು ಅರ್ಥ? ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೀಯೇ!” ಅಂದರು. ಆ ಮಾತಿನಲ್ಲಿ ಬೈಗುಳದ ಜೊತೆ ಸ್ವಲ್ಪ ಮೆಚ್ಚುಗೆಯೂ ಇದ್ದ ಹಾಗಿತ್ತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮನೆಯಲ್ಲೇ ಮಾತಿಗೆ ಬೆಲೆ ಇಲ್ಲದಿದ್ದರೆ ಎಲ್ಲಿ ಹುಡುಕುವುದು?

ಮೂರನೆಯ ಸಲ ಊದಿಸುವ ದಿನ ಗೊತ್ತಾಯಿತು. ಕುಟುಂಬದ ಸಹಕಾರವಿಲ್ಲದೆ ಚಟ ಬಿಡಿಸಲಾಗದು ಎಂದು ಡಾಕ್ಟರು ಎಲ್ಲೋ ಓದಿದ್ದರಂತೆ. ಅವತ್ತು ಮನೆಯವರೊಬ್ಬರು ಇಡೀ ಪಾಳಿ ಜೊತೆಗಿದ್ದು ಕಾಯಬಹುದು ಎಂದು ಹೇಳಿ ಕಳಿಸಿದರು. ಅತ್ತೆಗೆ ಬೇಕಾಗಿದ್ದೂ ಅದೇ. “ಎಲ್ಲಿ ಸೇದ್ತೀಯೋ ಕಣ್ಣಾರೆ ನೋಡೇಬಿಡ್ತೀನಿ” ಎಂದು ಸ್ವೆಟರು ಹಾಕಿಕೊಂಡು, ಕೈಚೀಲ ಹಿಡಿದುಕೊಂಡು, ನನಗಿಂತ ಮುಂದೆ ಹೊರಟರು.

ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಅತ್ತೆ ನಡುಗಿದರು. “ಏನ್ ಚಳಿಯೇ ಇದು! ಇದರೊಳಗೆ ದಿನಾ ಹೆಂಗಿರ್ತೀಯಾ?” ಅಂದರು. ಎಷ್ಟೇ ಸಿಟ್ಟಿದ್ದರೂ ಅತ್ತೆ ಅತ್ತೆಯೇ. ಮನೆಯವರು ಮೊದಲ ಸಲ ನನ್ನ ಕೆಲಸದ ಜಾಗಕ್ಕೆ ಬಂದಿದ್ದರು. ನಾನೇ ಕೈ ಹಿಡಿದು ಕರೆದುಕೊಂಡು ಹೋಗಿ, ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ, ಆ ಮೂಲೆಯಲ್ಲಿ ಕೂರಿಸಿದೆ. ಗುಂಡಕ್ಕ ಹೋದಮೇಲೆ ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಭಯದಿಂದಲ್ಲ, ಅವಳ ನೆನಪಿಗೆ.

“ಆಹಾ, ಇಲ್ಲಿ ಬೆಚ್ಚಗಿದೆ” ಎಂದು ಅತ್ತೆ ಕಾಲು ಚಾಚಿದರು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ನಾನು ಬಗ್ಗಿದರೆ ಬಗ್ಗಿ ನೋಡಿದರು. ಮೂಗು ಒರೆಸಿಕೊಂಡರೆ, “ಏನದು ಕೈಲಿ?” ಅಂದರು. ನಾನು ಹಾರೆ ಹಾಕಿದೆ, ಅಚ್ಚು ಒಡೆದೆ, ಕೆಮ್ಮಿದೆ, ಎರಕ ಎಳೆದೆ, ಕೆಮ್ಮಿದೆ. ಹೊತ್ತು ಏರಿದ ಹಾಗೆ ಅತ್ತೆಯ ತಪಾಸಣೆ ಕಡಿಮೆಯಾಯಿತು. “ಇಷ್ಟು ಭಾರ ನೀನೇ ಎಳೀಬೇಕಾ?” ಎಂದು ಒಮ್ಮೆ ಕೇಳಿದರು. “ಆ ಮೇಸ್ತ್ರಿ ಏನ್ ಮಾಡ್ತಾನೆ?” ಎಂದು ಇನ್ನೊಮ್ಮೆ. “ಆದರ್ಶವಾಗಿ ಉಸಿರಾಡ್ತಾನೆ” ಎಂದು ಪಕ್ಕದವಳು ಹೇಳಿದಳು. ಅತ್ತೆ ನಕ್ಕರು. ಆಮೇಲೆ ಹಣೆ ಒತ್ತಿಕೊಂಡರು.

ಬಿಸಿ ಡಬ್ಬಿ ತೆರೆದು ಊಟಕ್ಕೆ ಕೂತೆವು. ಅತ್ತೆ ಎರಡು ತುತ್ತು ತಿಂದು ಸಾಕು ಅಂದರು. “ತಲೆ ಸಿಡೀತಿದೆ ಕಣೆ. ಒಂದ್ ಚೂರು ಕಣ್ಣು ಮುಚ್ತೀನಿ” ಎಂದು ಪೆಟ್ಟಿಗೆಗೆ ಒರಗಿದರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅದೇ ಮಾತು. ಅದೇ ಜಾಗ. “ಅತ್ತೆ!” ಎಂದು ಕೂಗಿದೆ. ಕಣ್ಣು ಬಿಡಲಿಲ್ಲ. ಕೆನ್ನೆ ತಟ್ಟಿದೆ. ತೊದಲಿದರು. ಡಬ್ಬಿಗಳು ಉರುಳಿದವು. ನಾಲ್ಕಾರು ಜನ ಸೇರಿ ಅವರನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆವು. ಬಯಲಲ್ಲಿ ಮಲಗಿಸಿ ಗಾಳಿ ಬೀಸಿದೆವು. ಅತ್ತೆ ವಾಂತಿ ಮಾಡಿಕೊಂಡರು. ಆಮೇಲೆ ಕಣ್ಣು ಬಿಟ್ಟು, “ಅಯ್ಯೋ, ನನ್ನ ಚೀಲ ಎಲ್ಲಿ?” ಅಂದರು. ನಾನು ಅವರ ಪಕ್ಕ ಕೂತು ಗೊಳೋ ಎಂದು ಅತ್ತುಬಿಟ್ಟೆ. ಉರಿ ಆರಿದರೂ ಪೆಟ್ಟಿಗೆಯೊಳಗೆ ಅಂಟು ಸುಡುತ್ತಲೇ ಇರುತ್ತದೆ, ಅದರ ವಿಷವೆಲ್ಲ ಸೇರುವ ಮೂಲೆ ಅದು. ಗುಂಡಕ್ಕನನ್ನು ನಾವು ಮರ್ಯಾದೆಯಿಂದ, ಪ್ರೀತಿಯಿಂದ, ಅಲ್ಲಿ ಕೂರಿಸಿದ್ದೆವು. ಇಷ್ಟು ದಿನ ಬಾರದ ಸಿಟ್ಟು ಈಗ ಬಂತು.

ಅಷ್ಟರಲ್ಲಿ ಗಲಾಟೆ ಕೇಳಿ, ಪಾಳಿ ಮುಗಿಯುವ ಮೊದಲೇ ಡಾಕ್ಟರು ಯಂತ್ರ ಹಿಡಿದು ಬಂದರು. ಅತ್ತೆ ನೆಲದ ಮೇಲೆ ಬಿದ್ದಿದ್ದನ್ನು ನೋಡಿ, “ಏನಮ್ಮ, ಬಿಸಿಲಾ?” ಅಂದರು. ಚಳಿಗಾಲದ ಮಧ್ಯಾಹ್ನ ಅದು. ಮೋಡ ಬೇರೆ ಮುಚ್ಚಿತ್ತು.

ನನ್ನ ಕಡೆ ಕೊಳವೆ ಚಾಚಿದರು. ಅತ್ತೆ ಕೈ ಅಡ್ಡ ಹಿಡಿದರು.

“ಮೊದ್ಲು ನನಗೆ ಕೊಡಿ. ಬೆಳಗ್ಗಿಂದ ಇವಳ ಪಕ್ಕದಲ್ಲೇ ಇದ್ದೀನಿ. ಇವಳು ಕೆಮ್ಮಿದ್ದು ಬಿಟ್ರೆ ಬೇರೇನೂ ಮಾಡಿಲ್ಲ. ಸೇದದವರು ಊದಿದ್ರೆ ಏನ್ ಬರುತ್ತೆ, ನಾನೂ ನೋಡ್ಬೇಕು.”

ಡಾಕ್ಟರು ನಕ್ಕು ಕೊಟ್ಟರು. ಅತ್ತೆ ಉಸಿರು ಹಿಡಿದು ಊದಿದರು. ಕೆಂಪು. ನನಗೆ ಬಂದ ಕೆಂಪಿಗಿಂತ ಹೆಚ್ಚು, ದೀಪ ಮಿಟುಕಿತು, ಯಂತ್ರ ಕಿರುಚಿತು.

ಡಾಕ್ಟರು ಗಂಭೀರವಾಗಿ ಅತ್ತೆಯ ಪಕ್ಕ ಕೂತರು. ಮೆಲ್ಲನೆ ಕೇಳಿದರು, “ಅಜ್ಜಿ, ಭಯ ಪಡ್ಬೇಡಿ. ನಿಜ ಹೇಳಿ. ದಿನಕ್ಕೆ ಎಷ್ಟು?”

“ಎಷ್ಟು ಏನು?”

“ಸಿಗರೇಟು.”

ಅತ್ತೆ ಎದ್ದು ಕೂತರು.

“ನನ್ನ ಗಂಡ ಬದುಕಿದ್ದಷ್ಟು ದಿನ ನನ್ನ ಎದುರಿಗೆ ಬೆಂಕಿಪೊಟ್ಟಣ ತೆಗೆಯೋಕೂ ಹೆದರ್ತಿದ್ದ. ನೀನು ನನ್ನನ್ನ ದಿನಕ್ಕೆ ಎಷ್ಟು ಅಂತ ಕೇಳ್ತೀಯಾ? ನಿನ್ನ ಡಬ್ಬಿಗೆ ಕಣ್ಣಿಲ್ಲ, ಸರಿ. ನಿನಗೂ ಇಲ್ವಾ?” ಆಮೇಲೆ ನನ್ನ ಕಡೆ ತಿರುಗಿದರು. “ಏ ಹುಡುಗಿ, ನೀನು ಹೇಳಿದ್ದೇ ನಿಜ. ನಾನು ನಿನ್ನ ಬಾಯಿ ಮೂಸಬಾರದಿತ್ತು.”

ಸುದ್ದಿ ಕೇಳಿ ದೊಡ್ಡ ಸಾಹೇಬರು ಇಳಿದು ಬಂದರು. ಕೆಂಪು ದೀಪ ನೋಡಿದರು, ಅತ್ತೆಯನ್ನು ನೋಡಿದರು, ಸುತ್ತ ನಿಂತಿದ್ದ ಹೆಂಗಸರನ್ನು ನೋಡಿದರು. “ಯಂತ್ರ ಕೆಟ್ಟಿದೆ” ಅಂದರು.

“ಯಾವಾಗಿಂದ ಸಾರ್?” ಎಂದು ಕೇಳಿದೆ.

“ಇವತ್ತಿಂದ.”

“ಹಾಗಾದ್ರೆ ನನಗೆ ಕೆಂಪು ಬಂದಾಗ ಚೆನ್ನಾಗಿತ್ತಾ? ಗುಂಡಕ್ಕನ ರಕ್ತ ನೋಡಿದ ಆಸ್ಪತ್ರೆಯ ಯಂತ್ರ? ಅದೂ ಚೆನ್ನಾಗಿತ್ತಾ? ನಮ್ಮನ್ನ ಬೈಯೋವಾಗ ಯಂತ್ರಗಳೆಲ್ಲ ಸರಿ ಇರ್ತಾವೆ, ನಿಮ್ಮ ಮರಳಿನ ಕಡೆ ಬೆರಳು ತೋರಿಸಿದ ಕೂಡ್ಲೇ ಕೆಡ್ತಾವೆ. ಅಲ್ವಾ?”

“ನೋಡಮ್ಮ, ಒಂದು ಸಮಿತಿ ಮಾಡೋಣ...”

“ಸಮಿತಿ ಬೇಡ ಸಾರ್. ನೀವೇ ಬನ್ನಿ. ಸಾಲಿನ ತುದೀಲಿ ಬೆಚ್ಚಗಿನ ಜಾಗ ಇದೆ. ನಮ್ಮ ಅತ್ತೆ ಕೂತಷ್ಟು ಹೊತ್ತು ಕೂತ್ಕೊಳ್ಳಿ. ನಿಮ್ಮ ಡಬ್ಬಿನೂ ಬಿಸಿ ಮಾಡ್ಕೊಡ್ತೀವಿ. ಉಂಡು, ಆಮೇಲೆ ಊದಿ. ಹಸಿರು ಬಂದ್ರೆ, ನಾನು ಹುಟ್ಟಿದಾಗಿಂದ ಸೇದ್ತಿದ್ದೆ ಅಂತ ಎಲ್ಲರ ಎದುರಿಗೂ ಒಪ್ಕೊಳ್ತೀನಿ.”

ಸಾಹೇಬರು ಗಡಿಯಾರ ನೋಡಿಕೊಂಡರು. “ನನಗೆ ಮೀಟಿಂಗ್ ಇದೆ” ಅಂದರು.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಶೆಡ್ಡಿನ ಬಾಗಿಲಿಂದ ಒಂದಿಷ್ಟು ಹೊಗೆ ಅಂಗಳಕ್ಕೆ ತೇಲಿ ಬಂತು. ಡಾಕ್ಟರು ಕರ್ಚೀಫು ತೆಗೆದು ಮೂಗಿಗೆ ಹಿಡಿದರು.

“ಇದು ಸಿಗರೇಟು ಹೊಗೆ ಅಲ್ವಲ್ಲ ಡಾಕ್ಟ್ರೇ” ಅಂದೆ. “ಯಾಕೆ ಮೂಗು ಮುಚ್ಕೊಂಡ್ರಿ?”

ಅವರ ಕೈ ಕೆಳಗಿಳಿಯಿತು. ಮತ್ತೆ ಮೇಲೇರಿತು.

ನಾನು ಒಳಗೆ ಹೋಗಿ ಹಾರೆ ತಂದೆ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಪಾಪ, ಹೆದರಿದರು. ಅದನ್ನು ಅವರ ಬೂಟಿನ ಮುಂದೆ ನೆಲದ ಮೇಲೆ ಇಟ್ಟೆ. “ಅಚ್ಚು ನೀವೇ ಒಡ್ಕೊಳ್ಳಿ. ಆ ಫ್ಯಾನ್ ತಿರುಗೋವರೆಗೆ, ಪೆಟ್ಟಿಗೆ ಪೂರ್ತಿ ತಣಿಯೋವರೆಗೆ, ಗುಂಡಕ್ಕ ಸೇದ್ತಿರಲಿಲ್ಲ ಅಂತ ಅದೇ ಬೋರ್ಡಿಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದು ಹಾಕೋವರೆಗೆ ನಾನು ಮುಟ್ಟಲ್ಲ.” ಪಕ್ಕದವಳು ತನ್ನ ಹಾರೆ ತಂದು ಇಟ್ಟಳು. ಆಮೇಲೆ ಇನ್ನೊಬ್ಬಳು. ಬೋರ್ಡು ಒರೆಸುವವಳು ತನ್ನ ಒರೆಸುವ ಬಟ್ಟೆಯನ್ನು ತಂದು ಎಲ್ಲಕ್ಕಿಂತ ಮೇಲೆ ಹಾಕಿದಳು.

ಹೊರಡುವಾಗ ಡಾಕ್ಟರು, “ಯಂತ್ರ ಎಲ್ಲಿ?” ಎಂದು ಹುಡುಕಿದರು. ಅದು ಅತ್ತೆಯ ಕೈಚೀಲದೊಳಗಿತ್ತು.

“ಕೊಡಿ ಅಜ್ಜಿ, ಅದು ಕಂಪನಿದು.”

“ಕೆಟ್ಟಿದೆ ಅಂದ್ರಲ್ಲ? ಕೆಟ್ಟಿದ್ದು ನಿಮಗ್ಯಾಕೆ?” ಎಂದು ಅತ್ತೆ ಚೀಲದ ಜಿಪ್ಪು ಎಳೆದರು.

ಮರುದಿನ ನಾವು ಯಾರೂ ಒಳಗೆ ಹೋಗಲಿಲ್ಲ. ಗೇಟಿನಾಚೆ, ರಸ್ತೆಯ ಅಂಚಿನಲ್ಲಿ ಕೂತೆವು. ಚಳಿ ಮೂಳೆ ಕೊರೆಯುತ್ತಿತ್ತು. ಒಳಗೆ ಸಾಲು ತುಂಬಿ ನಿಂತಿತ್ತು. ಅಚ್ಚು ಒಡೆಯದೆ ಪೆಟ್ಟಿಗೆ ಖಾಲಿಯಾಗುವುದಿಲ್ಲ, ಪೆಟ್ಟಿಗೆ ಖಾಲಿಯಾಗದೆ ಹೊಸ ಅಚ್ಚಿಲ್ಲ, ಅಚ್ಚಿಲ್ಲದೆ ಕರಗಿದ ಲೋಹವನ್ನು ಸುರಿಯುವುದೆಲ್ಲಿಗೆ? ಕುಲುಮೆ ಸುಮ್ಮನೆ ಉರಿಯುತ್ತಿತ್ತು. ಲೋಹ ಸುರಿಯುವ ಗಂಡಸರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು.

ಮಧ್ಯಾಹ್ನ ಅತ್ತೆ ಚೀಲ ತೆಗೆದರು. “ಊದಿ ನೋಡೋಣ” ಅಂದರು. ನಾನು ಊದಿದೆ. ಹಸಿರು. ಪಕ್ಕದವಳಿಗೆ ಹಸಿರು. ಆಚೆಯವಳಿಗೆ ಹಸಿರು. ಅತ್ತೆಗೂ ಹಸಿರು. ಒಂದು ದಿನ ಕೆಲಸಕ್ಕೆ ಹೋಗದೆ ಇದ್ದದ್ದಕ್ಕೆ ಇಡೀ ಪಾಳಿ ಸಿಗರೇಟು ಬಿಟ್ಟಿತ್ತು. ಆಂದೋಲನ ಗೆದ್ದಿತ್ತು. ನಾವು ನಕ್ಕೆವು. ನಗುತ್ತಾ ನಗುತ್ತಾ ಗುಂಡಕ್ಕನ ನೆನಪಾಯಿತು. ಡಬ್ಬಿ ತೆರೆದೆವು. ಅನ್ನ ತಣ್ಣಗೆ ಗಟ್ಟಿಯಾಗಿತ್ತು.

ಆಗ ಮೇಸ್ತ್ರಿ ಬಂದ. ಮೈಯೆಲ್ಲ ಕಪ್ಪು ಮರಳು. ಅಂಗಿಯ ಪದಕ ಮಸಿ ಹಿಡಿದು ಗುರುತೇ ಸಿಗುತ್ತಿರಲಿಲ್ಲ. ಬೆಳಗ್ಗಿನಿಂದ ಅವನ ಕೈಗೆ ಹಾರೆ ಕೊಟ್ಟಿದ್ದರಂತೆ. “ಯಂತ್ರ ವಾಪಸ್ ಕೊಡ್ಬೇಕಂತೆ. ಎಲ್ಲರೂ ಕೆಲಸಕ್ಕೆ ಬರ್ಬೇಕಂತೆ” ಎಂದು ಕಾಗದ ಓದುವವನ ಹಾಗೆ ಹೇಳಿದ. ಯಾರೂ ಏಳಲಿಲ್ಲ. ಅವನು ಹೋಗಲೂ ಇಲ್ಲ. ಹಣೆ ಒತ್ತಿಕೊಂಡು ನಿಂತ. ಆಮೇಲೆ, “ಒಂದ್ ಸಲ ಕೊಡಿ ಇಲ್ಲಿ” ಅಂದ.

ಊದಿದ. ಕೆಂಪು.

ದೀಪವನ್ನೇ ನೋಡುತ್ತಾ ನಿಂತ. “ನಿನ್ನೆ ಸಂಜೆಯಿಂದ ಒಂದೂ ಸೇದಿಲ್ಲ ಕಣ್ರಮ್ಮ” ಅಂದ. “ನಿಜವಾಗ್ಲೂ.”

“ಎಲ್ಲರೂ ಹಂಗೇ ಅಂತಾರೆ” ಅಂದೆ.

ಅವನು ತಲೆ ತಗ್ಗಿಸಿದ. ಪದಕ ಕಿತ್ತು ಜೇಬಿಗೆ ಹಾಕಿಕೊಂಡ. ಅತ್ತೆ ನನ್ನ ಕಡೆ ಸರಿದು, ಪಕ್ಕದಲ್ಲಿ ಒಬ್ಬರು ಹಿಡಿಯುವಷ್ಟು ಜಾಗ ಮಾಡಿದರು.

“ಕೂತ್ಕೋ ಬಾ” ಅಂದರು. “ಇಲ್ಲಿ ತಣ್ಣಗಿದೆ.”